ಒಡೆಯದ ಲಕೋಟೆ

ನಮ್ಮ ಮನೆಯಲ್ಲಿ ಯಾರ ಕಾಗದವನ್ನೂ ಯಾರೂ ಒಡೆಯುತ್ತಿರಲಿಲ್ಲ. ಇದು ನಮ್ಮ ಮಾವನವರು ಬಹಳ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದ ಮಾತು. 1982ರಲ್ಲಿ ನಾನು ಮದುವೆಯಾಗಿ ಸಾಗರಕ್ಕೆ ಬಂದ ಹೊಸತು. ಅಕ್ಕಪಕ್ಕದ ಮನೆಗಳಲ್ಲಿ ಸೊಸೆಗೆ ಬಂದ ಕಾಗದ ಮೊದಲು ಅತ್ತೆಯ ಕೈಗೆ ಹೋಗಿ, ಯಾರಿಂದಲೋ ಓದಿಸಿಕೊಂಡು, ಆಮೇಲೆ ಅಡಿಗೆಮನೆಗೆ ಬರುತ್ತಿದ್ದ ಕಾಲ. ನನ್ನ ತವರು ಅರಸೀಕೆರೆಯಿಂದ ಬಂದ ಇನ್‌ಲ್ಯಾಂಡ್ ಲೆಟರ್ ಮಾತ್ರ ಅಂಟು ಬಿಚ್ಚದೆಯೇ ನನ್ನ ಕೈ ಸೇರುತ್ತಿತ್ತು. ನನಗೂ ಅದರ ಬಗ್ಗೆ ಹೆಮ್ಮೆಯಿತ್ತು. ಅಮ್ಮನಿಗೆ ಬರೆಯುವಾಗ ಅದನ್ನೊಂದು ಸಾಲು ಬರೆದೂ ಇದ್ದೆ.

ಆ ಹೆಮ್ಮೆಯನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ಹೊರತೆಗೆದು ಬೆಳಕಿಗೆ ಹಿಡಿದು ನೋಡುವ ಹಾಗೆ ಮಾಡಿದವಳು ನನ್ನ ಮಗಳು. ದೀಪಾವಳಿಗೆಂದು ಬೆಂಗಳೂರಿನಿಂದ ಬಂದವಳು ಹಬ್ಬದ ಮಾರನೆಯ ದಿನವೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. “ನೀನು ಮಾಡುವ ಕೆಲಸವಾದರೂ ಏನೇ? ಯಾರಾದರೂ ಕೇಳಿದರೆ ಕಂಪ್ಯೂಟರ್ ಅನ್ನುವುದು ಬಿಟ್ಟು ನನಗೆ ಇನ್ನೊಂದು ಮಾತು ಬರುವುದಿಲ್ಲ” ಎಂದೆ.

“ಅಂಚೆ ಕಚೇರಿ ಅಂತ ಹೇಳಮ್ಮ” ಎಂದಳು.

ಅವಳು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಅವಳ ಕಂಪನಿಯ ಕೆಲಸ, ಆಸ್ಪತ್ರೆ, ಪ್ರಯೋಗಾಲಯ ಮತ್ತು ರೋಗಿಗಳ ಫೋನುಗಳ ನಡುವೆ ಸಂದೇಶಗಳನ್ನು ಸಾಗಿಸುವುದು. ಯಾರೋ ಡಾಕ್ಟರನ್ನು ಕಾಣಲು ಸಮಯ ಗೊತ್ತು ಮಾಡಿಕೊಂಡರೆ ಒಂದು ಸಂದೇಶ, ರಕ್ತ ಪರೀಕ್ಷೆ ಮುಗಿದರೆ ಒಂದು, ಬಿಲ್ಲು ಕಟ್ಟಿದರೆ ಇನ್ನೊಂದು. ಇವು ಹಗಲೂ ರಾತ್ರಿಯೂ ನಲ್ಲಿಯ ನೀರಿನಂತೆ ಹರಿಯುತ್ತಲೇ ಇರುತ್ತವೆ. ಆದ್ದರಿಂದಲೇ ಅದಕ್ಕೆ ಸ್ಟ್ರೀಮಿಂಗ್ ಪೈಪ್‌ಲೈನ್ ಎಂದು ಹೆಸರು. ಪ್ರತಿ ಸಂದೇಶಕ್ಕೂ ಎರಡು ಭಾಗ. ಒಳಗಿನದು ವಿಷಯ, ಅಂದರೆ ಕಾಗದ. ಹೊರಗಿನದು ಮೆಟಾಡೇಟಾ, ಅಂದರೆ ಲಕೋಟೆಯ ಮೇಲಿನ ಬರಹ. ಯಾವ ಕಡೆಯಿಂದ ಬಂತು, ಯಾವ ಸಾಲಿಗೆ ಸೇರಬೇಕು, ಸಾಲಿನಲ್ಲಿ ಇದು ಎಷ್ಟನೆಯದು, ಯಾವಾಗ ಹುಟ್ಟಿತು, ಇದರ ಜಾಡು ಹಿಡಿಯಲು ಗುರುತಿನ ಸಂಖ್ಯೆ ಯಾವುದು. ನಮ್ಮ ರಿಜಿಸ್ಟರ್ ಟಪಾಲಿನ ಮೇಲೆ ಚೀಟಿ ಅಂಟಿಸುತ್ತಿದ್ದರಲ್ಲ, ಹಾಗೆ. ಒಬ್ಬನೇ ಗಿರಾಕಿಯ ಸಂದೇಶಗಳು ಹಿಂದುಮುಂದಾಗಬಾರದು ಎಂದು ಲಕೋಟೆಯ ಮೇಲೆ ಒಂದು ಕೀಲಿಪದ ಇರುತ್ತದಂತೆ. ಒಂದೇ ಕೀಲಿಪದದವೆಲ್ಲ ಒಂದೇ ಸಾಲಿನಲ್ಲಿ ಬಂದ ಕ್ರಮದಲ್ಲೇ ಹೋಗುತ್ತವೆ.

“ನಡುವಿನವರು ಒಳಗಿನದನ್ನು ಓದುವಂತಿಲ್ಲ. ಅದಕ್ಕೆ ಬೀಗ ಹಾಕಿದ್ದೇವೆ. ಮೇಲಿನದನ್ನು ನೋಡಿ ದಾಟಿಸುವುದಷ್ಟೇ ಅವರ ಕೆಲಸ” ಎಂದಳು.

“ಹಾಗಾದರೆ ನಿಮ್ಮದು ನಮ್ಮ ಮನೆಯ ಹಾಗೆ” ಎಂದು ನಾನು ಮಾವನವರ ಮಾತನ್ನು ಹೇಳಿದೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು ಆಮೇಲೆ ಹೇಳಿದಳು. ಹೋದ ತಿಂಗಳು ಎಲ್ಲೋ ಸಂದೇಶಗಳು ಕಟ್ಟಿಕೊಂಡು ನಿಂತಿದ್ದವಂತೆ. ಏಕೆಂದು ಹುಡುಕಲು ಇವಳು ಲಕೋಟೆಗಳ ಪಟ್ಟಿಯನ್ನು ತೆರೆದಳು. ಅವರಲ್ಲಿ ಕೀಲಿಪದವೆಂದರೆ ರೋಗಿಯ ಮೊಬೈಲ್ ನಂಬರು. ಪಕ್ಕದಲ್ಲಿ ಹೆಡರ್ ಎಂದು ಕರೆಯುವ ಚೀಟಿಯಲ್ಲಿ ಆಸ್ಪತ್ರೆಯ ವಿಭಾಗದ ಹೆಸರು. ಸಾವಿರಾರು ಸಾಲುಗಳ ನಡುವೆ ಒಂದು ನಂಬರು ಇವಳಿಗೆ ಬಾಯಿಪಾಠವಿದ್ದದ್ದು. ಕಾಲೇಜಿನ ಗೆಳತಿಯದು. ಪಕ್ಕದಲ್ಲಿ ಇದ್ದದ್ದು ಕ್ಯಾನ್ಸರ್ ವಿಭಾಗ. ಆರು ವಾರದಲ್ಲಿ ನಾಲ್ಕು ಸಲ.

“ನಾನು ಏನೂ ಓದಲಿಲ್ಲಮ್ಮ. ಆದರೂ ಗೊತ್ತಾಗಿಬಿಟ್ಟಿತು. ಈಗ ಗೊತ್ತಿಲ್ಲದವಳ ಹಾಗೆ ಅವಳ ಹತ್ತಿರ ಮಾತಾಡುವುದಕ್ಕೆ ಆಗುತ್ತಿಲ್ಲ. ನಾನು ಮಾಡಿದ್ದು ತಪ್ಪಾ?”

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಏಕೆಂದರೆ ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಉತ್ತರವಲ್ಲ, ಒಂದು ಹಳೆಯ ಸಾಲ.

1985ರ ಮಾತು. ನನ್ನ ಕಿರಿಯ ನಾದಿನಿ ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದಳು. ಅವಳಿಗೆ ವಾರಕ್ಕೊಂದು ಕಾಗದ ಬರತೊಡಗಿತು. ಮೈಸೂರಿನ ಅಂಚೆ ಮುದ್ರೆ, ಒಂದೇ ಕೈಬರಹ, ದಪ್ಪ ಲಕೋಟೆ. ಕೆಲವು ಸಲ ಎರಡು ಸ್ಟಾಂಪು ಸಾಲದೆ ಮೂರು. ಕಳಿಸಿದವರ ವಿಳಾಸವಿಲ್ಲ, ಮೂಲೆಯಲ್ಲಿ ಎರಡು ಇನಿಷಿಯಲ್ ಅಷ್ಟೆ. ಹನ್ನೊಂದು ಗಂಟೆಗೆ ಪೋಸ್ಟಿನವನು ಬಂದಾಗ ಮನೆಯಲ್ಲಿ ಕೈ ಖಾಲಿಯಿರುತ್ತಿದ್ದವಳು ನಾನೊಬ್ಬಳೇ. ನಾನೇ ಇಸಿದುಕೊಂಡು ಗೂಡಿನಲ್ಲಿ ಇಡುತ್ತಿದ್ದೆ. ಒಳಗಿನಿಂದ ಅತ್ತೆ ಕೇಳುತ್ತಿದ್ದರು, “ಈ ವಾರವೂ ಬಂತೇನೆ?” ನಾನು “ಬಂತು” ಎನ್ನುತ್ತಿದ್ದೆ. ಮಾವನವರು ಮಧ್ಯಾಹ್ನ ಗೂಡಿನಿಂದ ಅದನ್ನು ತೆಗೆದು, ಕೈಯಲ್ಲಿ ತೂಗಿ, ಮುದ್ರೆಯ ತಾರೀಕು ನೋಡಿ, ಮತ್ತೆ ಅಲ್ಲೇ ಇಡುತ್ತಿದ್ದರು. ಯಾರೂ ಒಡೆಯಲಿಲ್ಲ. ನಮ್ಮ ಮನೆಯಲ್ಲಿ ಯಾರ ಕಾಗದವನ್ನೂ ಯಾರೂ ಒಡೆಯುತ್ತಿರಲಿಲ್ಲವಲ್ಲ!

ಬೇಸಿಗೆ ರಜೆ ಮುಗಿದ ಮೇಲೆ ಅವಳನ್ನು ಮೂರನೆಯ ವರ್ಷಕ್ಕೆ ಕಳಿಸಲಿಲ್ಲ. ಒಳ್ಳೆಯ ಸಂಬಂಧ ಬಂದಿದೆ, ಹುಡುಗನ ಕಡೆಯವರಿಗೆ ಅವಸರ ಎಂದರು. ಮಳೆಗಾಲ ಕಳೆಯುವುದರೊಳಗೆ ಮದುವೆಯಾಯಿತು. ಆ ಲಕೋಟೆಗಳ ವಿಚಾರ ಯಾರೂ ಅವಳ ಮುಂದೆ ಎತ್ತಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಕೇಳಲೂ ಇಲ್ಲ. ಬಹಳ ಸಭ್ಯವಾಗಿಯೇ ಎಲ್ಲ ಮುಗಿಯಿತು.

ಆ ಕಾಗದಗಳನ್ನು ಬರೆಯುತ್ತಿದ್ದವಳು ಅವಳ ಜೊತೆಯಲ್ಲಿ ಪಿಯುಸಿ ಓದಿದ ಹುಡುಗಿ. ಅಪ್ಪನಿಗೆ ವರ್ಗವಾಗಿ ಮೈಸೂರಿಗೆ ಹೋದವಳು, ಅಲ್ಲಿನ ಕಾಲೇಜಿನ ರಸಾಯನಶಾಸ್ತ್ರದ ನೋಟ್ಸನ್ನು ಕೈಯಿಂದ ಕಾಪಿ ಮಾಡಿ ಕಳಿಸುತ್ತಿದ್ದಳು. ಇಬ್ಬರೂ ಒಟ್ಟಿಗೆ ಎಂಎಸ್ಸಿ ಓದಬೇಕೆಂದುಕೊಂಡಿದ್ದರಂತೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಮದುವೆಮನೆಯೊಂದರಲ್ಲಿ ಆ ಗೆಳತಿಯೇ ಸಿಕ್ಕಿ ಮಾತಿಗೆ ಮಾತು ಬಂದಾಗ.

ಮಗಳು ಕೇಳಿದ ಪ್ರಶ್ನೆ ಇದನ್ನೆಲ್ಲ ಕಲಕಿತು. ಲಕೋಟೆಯನ್ನು ಬರೀ ನೋಡಿದ್ದು ತಪ್ಪೇ? ಪೋಸ್ಟಿನವನೂ ನೋಡಿದ್ದ. ನೋಡದೆ ಅವನು ಅದನ್ನು ತಲುಪಿಸುವುದಾದರೂ ಹೇಗೆ?

ಲಕೋಟೆಯ ಮೇಲಿನ ಬರಹಕ್ಕೆ ನಾನು ಕೃತಜ್ಞಳಾಗಿರುವ ಸಂದರ್ಭವೂ ಒಂದಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ನನ್ನ ಅಮ್ಮ ತೀರಿಕೊಂಡದ್ದು 1988ರ ಜುಲೈಯಲ್ಲಿ. ನನಗೆ ಬಂದದ್ದು ತಂತಿ, ಅದೂ ಎಲ್ಲ ಮುಗಿದ ಮೇಲೆ. ಕಾಯಿಲೆ ಬಿದ್ದಿದ್ದಾಗ ಒಂದು ಸಾಲು ಬರೆಯಲಿಲ್ಲವಲ್ಲ ಎಂದು ಅಣ್ಣನ ಮೇಲೆ ನಾನು ಹದಿಮೂರನೆಯ ದಿನದವರೆಗೂ ಸರಿಯಾಗಿ ಮಾತಾಡಲಿಲ್ಲ. ಸಾಗರಕ್ಕೆ ವಾಪಸು ಬಂದಾಗ ಗೂಡಿನಲ್ಲಿ ಅವನ ಕಾಗದವಿತ್ತು. ಆ ವರ್ಷದ ಮಳೆಯಲ್ಲಿ ಎಲ್ಲೋ ಸಿಕ್ಕಿಕೊಂಡು ತಡವಾಗಿ ಬಂದದ್ದು. ಆಗ ಅಂಚೆಯವರು ಎರಡು ಮುದ್ರೆ ಹಾಕುತ್ತಿದ್ದರು. ಮುಂಭಾಗದಲ್ಲಿ ಹೊರಟ ಊರಿನದು, ಹಿಂಭಾಗದಲ್ಲಿ ತಲುಪಿದ ಊರಿನದು. ಎರಡರ ನಡುವೆ ಒಂಬತ್ತು ದಿನ. ಅಣ್ಣ ಅಮ್ಮ ಮಲಗಿದ ಎರಡನೆಯ ದಿನವೇ ಬರೆದಿದ್ದ. ಮುಂಭಾಗದ ಮುದ್ರೆ ಇಲ್ಲದಿದ್ದರೆ, ಕಾಗದದಲ್ಲಿ ಅವನು ಹಾಕಿದ ತಾರೀಕನ್ನು ಸುಳ್ಳೆಂದೇ ಅಂದುಕೊಳ್ಳುತ್ತಿದ್ದೆನೋ ಏನೋ, ನಾನು ಅಷ್ಟು ಕಹಿಯಾಗಿದ್ದೆ.

ಮಗಳಿಗೆ ಇದನ್ನು ಹೇಳಿದಾಗ ಅವಳ ಕಣ್ಣು ಅರಳಿತು. ಅವಳ ಪೈಪ್‌ಲೈನಿನಲ್ಲೂ ಇದೇ ಸಮಸ್ಯೆಯಂತೆ. ಸಂದೇಶ ಹುಟ್ಟಿದ ಹೊತ್ತು ಬೇರೆ, ಬಂದು ಸೇರಿದ ಹೊತ್ತು ಬೇರೆ. ಹಳ್ಳಿಯ ಕಡೆಯ ಫೋನಿಗೆ ಸಿಗ್ನಲ್ ಇರುವುದಿಲ್ಲ, ಬೆಳಗಿನ ಸಂದೇಶ ರಾತ್ರಿ ಬರುತ್ತದೆ. ಅವರು ಬಳಸುವ ತಂತ್ರಾಂಶದಲ್ಲಿ ಲಕೋಟೆಯ ಮೇಲೆ ಈ ಎರಡರಲ್ಲಿ ಯಾವ ಹೊತ್ತು ಇರಬೇಕೆಂದು ಮೊದಲೇ ಹೇಳಿಡಬೇಕು. ಬಂದು ಸೇರಿದ ಹೊತ್ತನ್ನಷ್ಟೇ ಇಟ್ಟುಕೊಂಡರೆ, ಸರಿಯಾದ ಸಮಯಕ್ಕೆ ಕಳಿಸಿದ ರೋಗಿ ತಡಮಾಡಿದವನೆಂದು ಲೆಕ್ಕಕ್ಕೆ ಬರುತ್ತಾನೆ. “ನಾವು ಎರಡನ್ನೂ ಇಡುತ್ತೇವೆ. ಒಂದನ್ನು ಅದರ ಜಾಗದಲ್ಲಿ, ಇನ್ನೊಂದನ್ನು ಹೆಡರಿನಲ್ಲಿ” ಎಂದಳು. ಅಣ್ಣನ ಎರಡು ಮುದ್ರೆಗಳು!

ಆ ತಂತ್ರಾಂಶದ ಹೆಸರು ಕಾಫ್ಕಾ ಎಂದು ಕೇಳಿದಾಗ ನಾನು ಬೆಚ್ಚಿದೆ. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರ ಬಳಕೆಗೂ ಮುಕ್ತವಾದ ತಂತ್ರಾಂಶವದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜೇ ಕ್ರೆಪ್ಸ್, ಇದು ಬರೆದುಕೊಳ್ಳುವುದಕ್ಕೆಂದೇ ಮಾಡಿದ ವ್ಯವಸ್ಥೆಯಾದ್ದರಿಂದ ತಮಗೆ ಪ್ರಿಯನಾದ ಬರಹಗಾರನ ಹೆಸರಿಟ್ಟರಂತೆ. ಸಂದೇಶದ ಮೇಲೆ ಹೊತ್ತನ್ನು ಬರೆಯುವ ಏರ್ಪಾಡು ಅದಕ್ಕೆ ಸೇರಿದ್ದು 2016ರಲ್ಲಿ, ಹೆಡರ್ ಸೇರಿದ್ದು 2017ರಲ್ಲಿ. ಪ್ರಾಗ್ ನಗರದಲ್ಲಿ ಹುಟ್ಟಿದ ಆ ಕಾಫ್ಕಾ, ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ಕೆಲಸ ಮಾಡುತ್ತ ರಾತ್ರಿ ಬರೆಯುತ್ತಿದ್ದವನು. 1924ರಲ್ಲಿ ತೀರಿಕೊಂಡ. ಮರುವರ್ಷ ಪ್ರಕಟವಾದ ಅವನ ‘ದಿ ಟ್ರಯಲ್’ ಕಾದಂಬರಿಯಲ್ಲಿ ಒಬ್ಬ ಮನುಷ್ಯನನ್ನು ಒಂದು ಬೆಳಿಗ್ಗೆ ಬಂಧಿಸುತ್ತಾರೆ. ಅಪರಾಧವೇನೆಂದು ಕೊನೆಯವರೆಗೂ ಅವನಿಗೆ ಹೇಳುವವರಿಲ್ಲ. ಆಪಾದನೆಯೇ ತಿಳಿಯದವನು ಏನೆಂದು ಉತ್ತರ ಕೊಟ್ಟಾನು? ಆ ಹೆಸರು ಕೇಳುತ್ತಲೇ ನನಗೆ ನೆನಪಾದದ್ದು ಪ್ರಾಗ್ ಅಲ್ಲ, ನಮ್ಮ ಮನೆಯ ಗೂಡು.

ಲಕೋಟೆ ನೋಡಿ ತೀರ್ಮಾನ ಮಾಡುವುದರಲ್ಲಿರುವ ಕೇಡು ಇದು ಎಂದು ನನಗೆ ಈಗ ತೋರುತ್ತದೆ. ಕಾಗದ ಒಡೆದವನಿಗೆ ತಾನು ಒಡೆದೆ ಎಂಬುದು ಗೊತ್ತಿರುತ್ತದೆ. ಅಂಟು ಹರಿದ ಗುರುತು ಉಳಿಯುತ್ತದೆ, ಸಿಕ್ಕಿಬಿದ್ದರೆ ನಾಚಿಕೆಯಾಗುತ್ತದೆ, ಕಾಗದ ಯಾರದೋ ಅವರು ಜಗಳವಾದರೂ ಆಡಬಹುದು. ಲಕೋಟೆ ನೋಡಿದವನಿಗೆ ಇದಾವುದೂ ಇಲ್ಲ. ನಾನು ಏನೂ ಓದಿಲ್ಲ ಎಂದು ಅವನು ದೇವರ ಮುಂದೆಯೂ ಹೇಳಬಲ್ಲ. ಆದರೆ ಅವನು ಓದದೆ ಬಿಟ್ಟ ಜಾಗವನ್ನು ತನ್ನ ಊಹೆಯಿಂದ ತುಂಬಿಕೊಂಡಿರುತ್ತಾನೆ. ಊಹೆಯನ್ನು ಯಾರೂ ಪ್ರಶ್ನಿಸಲಾರರು, ಏಕೆಂದರೆ ಅವನು ಅದನ್ನು ಬಾಯಿಬಿಟ್ಟು ಆಡುವುದೇ ಇಲ್ಲ.

ಇದು ಸಾಗರದ ಒಂದು ಮನೆಯ ಕಥೆ ಮಾತ್ರವಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಎಂಬಾತ ಹೊರಗೆಡವಿದ ಕಡತಗಳಿಂದ, ಅಮೆರಿಕದ ಸರ್ಕಾರ ತನ್ನ ಕೋಟ್ಯಂತರ ಪ್ರಜೆಗಳ ದೂರವಾಣಿ ಕರೆಗಳ ವಿವರವನ್ನು ಸಂಗ್ರಹಿಸುತ್ತಿದ್ದದ್ದು ಬಯಲಾಯಿತು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ. ನಿಮ್ಮ ಮಾತನ್ನು ಯಾರೂ ಕೇಳುತ್ತಿಲ್ಲ ಎಂದು ಅಧ್ಯಕ್ಷರೇ ಸಮಾಧಾನ ಹೇಳಿದರು. ನಮ್ಮ ಮಾವನವರ ಮಾತೇ! 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ತಾವಾಗಿ ಒಪ್ಪಿ ಮುಂದೆ ಬಂದ 800ಕ್ಕೂ ಹೆಚ್ಚು ಜನರ ಇಂಥ ವಿವರಗಳನ್ನಷ್ಟೇ ಇಟ್ಟುಕೊಂಡು ನೋಡಿದ ಅಧ್ಯಯನ ಪ್ರಕಟವಾಯಿತು. ಒಂದು ಮಾತನ್ನೂ ಕೇಳದೆ, ಒಬ್ಬರಿಗೆ ಹೃದಯದ ಬಡಿತದ ತೊಂದರೆ ಇದೆಯೆಂಬುದನ್ನೂ ಅವರು ಊಹಿಸಬಲ್ಲವರಾದರು. ಆ ಊಹೆ ಸರಿಯಾಗಿಯೂ ಇತ್ತು. ನಮ್ಮ ಮನೆಯ ಊಹೆ ತಪ್ಪಾಗಿತ್ತು. ಸರಿಯಾದದ್ದು ಹೆಚ್ಚು ಭಯಾನಕವೋ ತಪ್ಪಾದದ್ದೋ ಎಂದು ಯೋಚಿಸಿದರೆ ನನಗೆ ತಿಳಿಯುವುದಿಲ್ಲ. ಎರಡರಲ್ಲೂ ಆ ಮನುಷ್ಯರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಎಂಬುದಷ್ಟೇ ತಿಳಿಯುತ್ತದೆ.

ಹಾಗಾದರೆ ಮಾಡುವುದೇನು? ಎರಡು ವರ್ಷದ ಕೆಳಗೆ ಶಿವಮೊಗ್ಗದಲ್ಲಿ ನಾದಿನಿಯ ಮನೆಗೆ ಹೋಗಿದ್ದಾಗ ನಾನು ಧೈರ್ಯ ಮಾಡಿ ಹೇಳಿಬಿಟ್ಟಿದ್ದೆ. “ಪ್ರತಿ ವಾರ ‘ಬಂತು’ ಅಂತ ಅತ್ತೆಗೆ ಹೇಳುತ್ತಿದ್ದವಳು ನಾನೇ.” ಈಗ ಮೊಮ್ಮಕ್ಕಳನ್ನು ಕಂಡಿರುವ ಅವಳು ಕೋಪ ಮಾಡಿಕೊಳ್ಳಲಿಲ್ಲ. ಕಾಫಿ ಸೋಸುತ್ತಿದ್ದವಳು ತಿರುಗದೆಯೇ ಹೇಳಿದಳು, “ನೀವೊಬ್ಬರಾದರೂ ಒಂದು ಕಾಗದ ಒಡೆದು ಓದಿಬಿಟ್ಟಿದ್ದರೆ ಚೆನ್ನಾಗಿತ್ತು ಅತ್ತಿಗೆ.”

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಡೆಯದಿರುವುದೇ ಮರ್ಯಾದೆ ಎಂದು ನಂಬಿದ್ದ ನನಗೆ, ಒಡೆದಿದ್ದರೆ ಅವಳು ಉಳಿಯುತ್ತಿದ್ದಳು ಎಂಬುದು ಹೊಳೆದದ್ದೇ ಆಗ. ಹಾಗೆಂದು ಎಲ್ಲರ ಕಾಗದವನ್ನೂ ಒಡೆಯಿರಿ ಎನ್ನಲಾದೀತೆ? ಪಕ್ಕದ ಮನೆಯ ಸೊಸೆಯರನ್ನು ಕೇಳಿದರೆ ಅವರು ಬೇರೆಯೇ ಹೇಳಿಯಾರು. ನಿಷ್ಕಪಟಿಯಾದವಳು ಎಲ್ಲವನ್ನೂ ತೋರಿಸಲಿ ಎನ್ನುವ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾದಿನಿಗೆ ಬೇಕಾಗಿದ್ದದ್ದು ಕಾಗದ ಓದುವವರಲ್ಲ, ಕೇಳುವವರು. “ಇದು ಯಾರದೇ?” ಎಂಬ ಎರಡು ಮಾತು. ಆ ಎರಡು ಮಾತಿನ ಬದಲು ನಾವು ನಮ್ಮ ಮೌನವನ್ನೇ ಸಭ್ಯತೆ ಎಂದು ಕರೆದುಕೊಂಡೆವು.

ಮಗಳ ಕಚೇರಿಯಲ್ಲೂ ವಾದ ಇದೇ ದಾರಿ ಹಿಡಿದಿತ್ತಂತೆ. ಅವಳು ಮೊಬೈಲ್ ನಂಬರನ್ನೂ ವಿಭಾಗದ ಹೆಸರನ್ನೂ ಲಕೋಟೆಯಿಂದ ತೆಗೆಯಬೇಕೆಂದಳು. ಜೊತೆಯವನೊಬ್ಬ, “ವಿಭಾಗ ಮೇಲೆ ಇಲ್ಲದಿದ್ದರೆ ಎಲ್ಲಿಗೆ ಕಳಿಸಬೇಕೆಂದು ತಿಳಿಯಲು ಪ್ರತಿಯೊಂದನ್ನೂ ಒಡೆದು ನೋಡಬೇಕು. ಆಗ ನಡುವಿನ ಹತ್ತು ಜನರ ಕೈಗೆ ಬೀಗದ ಕೈ ಕೊಡಬೇಕಾಗುತ್ತದೆ” ಎಂದ. ಅದೂ ನಿಜವೇ. ಲಕೋಟೆಯ ಮೇಲೆ ಬರೆಯುವುದೇ ಒಳಗನ್ನು ಕಾಪಾಡುವುದಕ್ಕಾಗಿ. ಕೊನೆಗೆ ಅವರು ಒಪ್ಪಿದ್ದು ನಮ್ಮ ಪಿನ್‌ಕೋಡಿನಂಥ ಒಂದು ಉಪಾಯವನ್ನು. 1972ರ ಆಗಸ್ಟ್ 15ರಂದು ಬಂದ ಆ ಆರು ಅಂಕಿಗಳು ಯಾವ ಅಂಚೆ ಕಚೇರಿ ಎಂಬುದನ್ನು ಹೇಳುತ್ತವೆಯೇ ಹೊರತು ಆ ಊರಿನಲ್ಲಿ ಯಾರು ಯಾರಿಗೆ ಏಕೆ ಬರೆದರೆಂಬುದನ್ನು ಹೇಳುವುದಿಲ್ಲ. ಹಾಗೆಯೇ ಈಗ ವಿಭಾಗದ ಹೆಸರಿನ ಬದಲು ಅರ್ಥವಿಲ್ಲದ ಒಂದು ಸಂಖ್ಯೆ. ಮೊಬೈಲ್ ನಂಬರಿನ ಬದಲು, ಮೂಲವನ್ನು ಒಂದು ಕಡೆ ಮಾತ್ರ ಬೀಗ ಹಾಕಿಟ್ಟ ಇನ್ನೊಂದು ಗುರುತು. ಸಾಲು ತಪ್ಪುವುದಿಲ್ಲ, ಸಂದೇಶ ತಲುಪುತ್ತದೆ.

ಇನ್ನೊಂದನ್ನೂ ಅವಳು ಗಮನಿಸಿದಳು. ಆ ತಂತ್ರಾಂಶ, ಬೇರೆ ಏನೂ ಹೇಳದಿದ್ದರೆ, ಸಂದೇಶವನ್ನು ಏಳು ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ. ಆದರೆ ದೋಷ ಹುಡುಕಲೆಂದು ಬೇರೆ ಕಡತಗಳಲ್ಲಿ ನಕಲು ಮಾಡಿಟ್ಟ ಲಕೋಟೆಯ ವಿವರಗಳು ಅವರಲ್ಲಿ ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಕಾಗದ ಹೋಗಿ ಲಕೋಟೆ ಉಳಿದಿತ್ತು. ನನ್ನ ತಲೆಯಲ್ಲೂ ಹಾಗೆಯೇ ಅಲ್ಲವೇ! ಆ ನೋಟ್ಸುಗಳ ಒಂದು ಅಕ್ಷರವನ್ನೂ ನಾನು ಕಂಡಿಲ್ಲ. ಮೂರು ಸ್ಟಾಂಪುಗಳನ್ನು ಸಾಲಾಗಿ ಅಂಟಿಸಿದ್ದ ರೀತಿ ಮಾತ್ರ ಇನ್ನೂ ಕಣ್ಣ ಮುಂದಿದೆ. ಅವರು ಆ ಹಳೆಯ ಕಡತಗಳನ್ನು ಅಳಿಸಲು ಒಂದು ಗಡುವು ಹಾಕಿಕೊಂಡರು.

ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರು ಬಂದದ್ದು ಅರ್ಜಿದಾರರಾದ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ದೊಡ್ಡ ಮಾತು, ಬೇಕಾದ ಮಾತು. ಆದರೆ ಮನೆಯೊಳಗಿನ ಗೂಡಿಗೆ ಕೋರ್ಟು ಬರುವುದಿಲ್ಲ. ಅಲ್ಲಿ ನಾವೇ ಅಂಚೆಯವರು, ನಾವೇ ನ್ಯಾಯಾಧೀಶರು.

“ಗೆಳತಿಯ ವಿಚಾರ ಏನು ಮಾಡಿದೆ?” ಎಂದು ನಾನು ಮಗಳನ್ನು ಕೇಳಿದೆ. ಇನ್ನೂ ಏನೂ ಮಾಡಿರಲಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ಅವಳು ಫೋನ್ ಮಾಡಿದಳು. ನಿನ್ನ ನಂಬರು ನನ್ನ ಕೆಲಸದಲ್ಲಿ ಹೀಗೆ ಕಣ್ಣಿಗೆ ಬಿತ್ತು, ಬೀಳಬಾರದಿತ್ತು, ಇನ್ನು ಬೀಳದ ಹಾಗೆ ಮಾಡಿದ್ದೇವೆ, ನೀನು ಹೇಳುವುದಾದರೆ ಕೇಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳಂತೆ. ಆ ಕಡೆಯಿಂದ ಏನು ಬಂತೆಂದು ನನಗೆ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಅವರಿಬ್ಬರ ಕಾಗದ.

ಅವಳು ಬೆಂಗಳೂರಿಗೆ ಹೋಗಿ ನಾಲ್ಕು ದಿನವಾಗಿತ್ತು. ಬೆಳಗಿನ ಜಾವ ಎಚ್ಚರವಾಗಿ ವಾಟ್ಸಾಪ್ ನೋಡಿದೆ. ಅವಳ ಹೆಸರಿನ ಕೆಳಗೆ ಎರಡೂ ಹತ್ತಕ್ಕೆ ಕೊನೆಯ ಸಲ ಕಂಡಿದ್ದಳೆಂದು ಇತ್ತು. ಹಿಂದಿನ ರಾತ್ರಿ ಎರಡೂವರೆ. ಅದರ ಹಿಂದಿನ ರಾತ್ರಿಯೂ ಸುಮಾರು ಅಷ್ಟೇ. ಹೌದು, ನಾನು ಮೂರು ದಿನದಿಂದ ನೋಡುತ್ತಿದ್ದೆ. ಇಷ್ಟೆಲ್ಲ ಬರೆಯುವ ನಾನು! ಗಂಡ ಹೆಂಡತಿ ಜಗಳವೇ, ಆರೋಗ್ಯ ಕೆಟ್ಟಿದೆಯೇ, ನನ್ನಿಂದ ಏನಾದರೂ ಮುಚ್ಚಿಡುತ್ತಿದ್ದಾಳೆಯೇ ಎಂದು ಹಾಲು ಕಾಯುವಷ್ಟರಲ್ಲಿ ಮೂರು ಕಥೆ ಕಟ್ಟಿಯಾಗಿತ್ತು.

ಏಳು ಗಂಟೆಗೆ ಫೋನ್ ಮಾಡಿದೆ. “ಮೂರು ರಾತ್ರಿಯಿಂದ ನೀನು ನಿದ್ದೆ ಮಾಡುತ್ತಿಲ್ಲ ಅಂತ ವಾಟ್ಸಾಪಿನಲ್ಲಿ ನೋಡಿದೆ. ನೋಡಬಾರದಿತ್ತೇನೋ. ಯಾಕೆ ಅಂತ ಕೇಳಬಹುದಾ?”

ಅವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, “ಕೇಳಿದೆಯಲ್ಲ, ಹೇಳುತ್ತೇನೆ ಇರು” ಎಂದು ಬಾಗಿಲು ಹಾಕಿಕೊಂಡ ಸದ್ದಾಯಿತು. ನಾನು ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ.